ಒಂದೇ ಚೀಲದ ಹುಳಗಳು

ಹಂಸಿನಿ ಅಮ್ಮನ ಬಾಯಿಗೆ ಅಕ್ಕಿಕಾಳು ಹಾಕುತ್ತಿದ್ದಾಗಲೇ ಅಪ್ಪ ಭಾಷಣ ಶುರುಮಾಡಿದರು. ಅಮೆರಿಕದ ಕ್ರ್ಯಾನ್‌ಬರಿಯ ಫ್ಯೂನರಲ್ ಹೋಮ್‌ನವರು ಕೊಟ್ಟಿದ್ದೇ ಒಂದು ಗಂಟೆ. ಅದರಲ್ಲಿ ಅರ್ಧ ಅಪ್ಪ ಬದರೀನಾಥರಿಗೇ ಬೇಕಿತ್ತು.

"ನಮ್ಮ ನಿರುಪಮಾ ಹೆಸರು ಅಳಿಯೋದಿಲ್ಲ. ಜೇಡದ ಮೊಟ್ಟೆಚೀಲದೊಳಗೆ ತನ್ನ ಮೊಟ್ಟೆ ಇಡೋ ಒಂದು ಕಣಜದ ಹುಳಕ್ಕೆ ಅವಳ ಹೆಸರಿಟ್ಟಿದ್ದೀನಿ. ಸೈನ್ಸ್ ಇರೋವರೆಗೂ ಅವಳು ಇರ್ತಾಳೆ."

"ಪುಣ್ಯವಂತೆ ಕಣೆ ನಿಮ್ಮಮ್ಮ," ಪಕ್ಕದ ಮನೆಯ ಮಂಜರಿ ಆಂಟಿ ಕಣ್ಣೊರೆಸಿಕೊಂಡರು. "ನಮ್ಮನೆಯವ್ರು ನನ್ನ ಹೆಸರನ್ನ ಮೇಲ್‌ಬಾಕ್ಸ್ ಮೇಲೂ ಹಾಕಿಸ್ಲಿಲ್ಲ."

ಹಂಸಿನಿಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆ ಅಮ್ಮನಿಗೆ ಉಡಿಸಲು ಸೀರೆ ತೆಗೆಯುವಾಗ ಸಿಕ್ಕ ಬೆಂಕಿಪೊಟ್ಟಣ ಅವಳ ಬ್ಯಾಗಿನಲ್ಲಿತ್ತು.

*

ಹಂಸಿನಿ ಹೈಸ್ಕೂಲಿನಲ್ಲಿದ್ದಾಗಿನ ಮಾತು. ಬೇಸ್‌ಮೆಂಟ್ ಕಿಟಕಿಯಲ್ಲಿ ಸಿಕ್ಕ ಜೇಡದ ಚೀಲವೊಂದನ್ನು ಅಮ್ಮ ಉಪ್ಪಿನಕಾಯಿ ಜಾಡಿಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಕಾದಿದ್ದಳು. ಒಂದು ದಿನ ಅದರಿಂದ ಎರಡು ಬಗೆಯ ಕಣಜ ಹೊರಬಂದವು. ಒಂದಕ್ಕೆ ರೆಕ್ಕೆ, ಇನ್ನೊಂದು ರೆಕ್ಕೆಯಿಲ್ಲದೆ ಇರುವೆಯಂತಿತ್ತು. ಮ್ಯೂಸಿಯಮ್ಮಿನಲ್ಲಿ ಕೀಟವಿಜ್ಞಾನಿಯಾಗಿದ್ದ ಅಪ್ಪ ಅದಕ್ಕೂ ಮೊದಲೇ ಅವೆರಡನ್ನೂ ಬೇರೆಬೇರೆ ಪ್ರಭೇದಗಳೆಂದು ಬರೆದು ಹೆಸರು ಮಾಡಿದ್ದರು. ರೆಕ್ಕೆಯದಕ್ಕೆ ಮೊದಲು ತಮ್ಮ ಗುರುಗಳ ಹೆಸರು, ಆಮೇಲೆ ರೆಕ್ಕೆಯಿಲ್ಲದ್ದಕ್ಕೆ ಹೆಂಡತಿಯದು.

"ರೀ, ಇವು ಬೇರೆಬೇರೆ ಅಲ್ಲ. ಒಂದೇ ಹುಳದ ಗಂಡು, ಹೆಣ್ಣು."

ಅಪ್ಪ ಜಾಡಿಯನ್ನು ಬಹಳ ಹೊತ್ತು ನೋಡಿದರು. ಆ ವರ್ಷ ಮ್ಯೂಸಿಯಮ್ಮಿನಲ್ಲಿ ಅವರ ಪ್ರಮೋಷನ್ ಬಾಕಿಯಿತ್ತು.

"ಒಂದೇ ಅಂತ ಬರೆದ್ರೆ ಮೊದಲು ಇಟ್ಟ ಹೆಸರೇ ಉಳಿಯೋದು. ನಿನ್ನದು ಹೋಗುತ್ತೆ. ನಿನಗೋಸ್ಕರ ಸುಮ್ನಿರ್ತೀನಿ."

"ನನ್ನ ಹೆಸರು ಹೋದ್ರೆ ಹೋಗ್ಲಿ. ನಿಜ ಬರೀರಿ."

"ಊಟಕ್ಕೆ ಬಡಿಸು."

ಮರುದಿನ ಜಾಡಿ ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿತ್ತು. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ.

*

ಅಪ್ಪನ ನಂತರ ಮ್ಯೂಸಿಯಮ್ಮಿನಲ್ಲಿ ಅದೇ ಕುರ್ಚಿಗೆ ಬಂದ ಕೃಷ್ಣಸ್ವಾಮಿ ಅಕ್ಕಿ ಹಾಕುವವರ ಸಾಲಿನಲ್ಲಿ ನಿಂತಿದ್ದರು. ಹಂಸಿನಿ ಬೆಂಕಿಪೊಟ್ಟಣ ಅವರ ಕೈಗಿಟ್ಟಳು. ಒಳಗೆ ರಟ್ಟಿಗೆ ಅಂಟಿಸಿದ ಎರಡು ಕಣಜ, ಕೆಳಗೆ ಅಮ್ಮನ ಅಕ್ಷರ: 'ಒಂದೇ ಚೀಲ. ಮಾರ್ಚ್ 9.'

ಕೃಷ್ಣಸ್ವಾಮಿ ಕನ್ನಡಕ ಮೇಲೇರಿಸಿ ನೋಡಿದರು. ಅವರ ಮುಖ ಬದಲಾಯಿತು. "ಇದನ್ನ ಪಬ್ಲಿಷ್ ಮಾಡಿದ್ರೆ ಅಮ್ಮನ ಹೆಸರು ಹೋಗುತ್ತೆ ಕಣಮ್ಮ."

"ಐ ನೋ, ಅಂಕಲ್. ಆದ್ರೆ ಕಂಡುಹಿಡಿದಿದ್ದು ಅಮ್ಮ. ಅದನ್ನ ಬರೀರಿ."

ಪೊಟ್ಟಣ ಕಂಡ ಅಪ್ಪನ ಭಾಷಣ ಅರ್ಧಕ್ಕೆ ನಿಂತಿತು. ಅವರು ಇಳಿದುಬಂದು ಕೈ ಚಾಚಿದರು. ದನಿ ಬೆಣ್ಣೆಯಂತಿತ್ತು.

"ಅವಳ ವಸ್ತು. ಕೊಡಿ, ಅವಳ ಜೊತೇಲೇ ಇಟ್ಟುಬಿಡೋಣ. ಹೋಗ್ಲಿ ಅವಳ ಜೊತೆ."

ಕೃಷ್ಣಸ್ವಾಮಿ ಪೊಟ್ಟಣ ಮುಚ್ಚಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. ಅಪ್ಪನ ಕೈ ಚಾಚಿದಂತೆಯೇ ಇತ್ತು. ಪಕ್ಕದಲ್ಲಿದ್ದ ಪುರೋಹಿತರು ಬಾಯಿಗೆ ಅಕ್ಕಿ ಹಾಕಲು ಅಪ್ಪನ ಸರದಿ ಬಂತೆಂದುಕೊಂಡು ಆ ಅಂಗೈಗೆ ಒಂದು ಹಿಡಿ ಅಕ್ಕಿ ಸುರಿದರು.