ಆಲ್ಟರ್ನೇಟರ್ ಸತ್ತ ಕಾರಣ

ಇನ್ನೊಂದು ದಿನ ಸುಮ್ಮನಿದ್ದಿದ್ದರೆ ಏನು ಗಂಟು ಹೋಗುತ್ತಿತ್ತು? ಮೂರು ವರ್ಷ ಸುಮ್ಮನಿದ್ದವನಿಗೆ ಇನ್ನೊಂದು ದಿನ ಭಾರವೇ? ಒಂದು ವೇಳೆ ಬ್ಯಾಟರಿಯೇ ಕೆಟ್ಟಿದ್ದರೆ?

ಕಾರಿನ ಬಾನೆಟ್ ಎತ್ತಿ ನಿಂತು ಅಳಿಯ ತನ್ನನ್ನೇ ಹೀಗೆ ಕೇಳಿಕೊಳ್ಳುತ್ತಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಬಾಯಿಂದ ಒಂದು ಮಾತು ಜಾರಿತ್ತು: ತೊಂದರೆ ಬ್ಯಾಟರಿಯದಲ್ಲ, ಆಲ್ಟರ್ನೇಟರಿನದು.

ವಾರದಿಂದ ಕಾರು ಬೆಳಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ದಿನವೂ ತಳ್ಳಬೇಕಿತ್ತು. ಮೂವತ್ತೈದು ವರ್ಷ ಬಸ್ ಓಡಿಸಿ ನಿವೃತ್ತರಾದ ಮಾವ, ಬ್ಯಾಟರಿ ಹೋಗಿದೆ ಎಂದು ತೀರ್ಪು ಕೊಟ್ಟು ಹೊಸದು ಹಾಕಿಸಿದ್ದರು. ಹೊಸದೂ ಬೆಳಗಾಗುವಷ್ಟರಲ್ಲಿ ಮಲಗಿತು. ಅಂಗಡಿಯವನು ಹಳೆಯದನ್ನೇ ತೊಳೆದು ಕೊಟ್ಟಿದ್ದಾನೆ ಎಂಬುದು ಅವರ ಎರಡನೇ ತೀರ್ಪು. ಹೊಸ ಬ್ಯಾಟರಿಯೂ ಖಾಲಿಯಾಗುತ್ತದೆ ಎಂದರೆ, ಇಂಜಿನ್ ಓಡುವಾಗ ಅದನ್ನು ತುಂಬಿಸಬೇಕಾದ ಆಲ್ಟರ್ನೇಟರೇ ಕೈಕೊಟ್ಟಿರಬೇಕು ಎಂದು ಅಳಿಯನ ತರ್ಕ.

ತರ್ಕವೇನೋ ಸರಿ. ಆದರೆ ಮದುವೆಯಾಗಿ ಬಂದು ಮೂರು ವರ್ಷವಾದರೂ ಮಾವನ ಮನೆಯಲ್ಲಿ ಅವನ ಮಾತಿಗೆ ಒಗ್ಗರಣೆಯ ಸದ್ದಿಗಿರುವಷ್ಟೂ ಬೆಲೆ ಇರಲಿಲ್ಲ. ಅವನು ಹೇಳಿದ ಬಣ್ಣವನ್ನು ಗೋಡೆ ಕಂಡಿರಲಿಲ್ಲ. ಅವನು ಹೇಳಿದ ಡಾಕ್ಟರ ಬಳಿಗೆ ಯಾರ ನೆಗಡಿಯೂ ಹೋಗಿರಲಿಲ್ಲ. ಎಂದೂ ಪಾಠ ಹೇಳದ ಅವನನ್ನು ಮಾವ ಮೇಷ್ಟ್ರೇ ಎಂದೇ ಕರೆಯುತ್ತಿದ್ದರು.

"ಮೇಷ್ಟ್ರು ಬಾಯಿ ಬಿಟ್ರು," ಎಂದಿದ್ದರು ಊಟದ ನಡುವೆ. "ನಾಳೆ ಮೆಕ್ಯಾನಿಕ್ ಬರ್ತಾನೆ, ನೋಡೇಬಿಡೋಣ. ನೀವು ಹೇಳಿದ್ದು ನಿಜ ಆದ್ರೆ ಇನ್ಮೇಲೆ ಗಾಡಿ ಕೀ ನಿಮ್ಮ ಕೈಲಿ."

ತಟ್ಟೆ ತೊಳೆಯುತ್ತಿದ್ದ ಹೆಂಡತಿ ಆಮೇಲೆ ಮೆಲ್ಲಗೆ, "ಒಂದೇ ಒಂದ್ಸಲ ಅಪ್ಪನ ಮುಂದೆ ಗೆದ್ದುಬಿಡಿ. ನಂಗೂ ಸಾಕಾಗಿದೆ," ಎಂದಳು.

ಅದಕ್ಕೇ ಸಂಜೆ, ಮಾವ ಪಾರ್ಕಿನ ಕಡೆ ನಡೆದ ಮೇಲೆ, ಅವನು ಪರೀಕ್ಷೆಗೆ ಇಳಿದದ್ದು. ಪರೀಕ್ಷೆಯೂ ಮಾವನದೇ. ಇಂಜಿನ್ ಓಡುವಾಗ ಬ್ಯಾಟರಿಯ ವೈರ್ ಕಿತ್ತರೆ ಸಾಕು, ಇಂಜಿನ್ ನಿಂತರೆ ಆಲ್ಟರ್ನೇಟರ್ ಸತ್ತಿದೆ, ಓಡಿದರೆ ಬದುಕಿದೆ ಎಂದು ಅವರು ನೂರು ಸಲ ಹೇಳಿದ್ದರು. ಕಿತ್ತ. ಇಂಜಿನ್ ನಿಲ್ಲಲಿಲ್ಲ. ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟುತ್ತಲೇ ಇತ್ತು.

ಆಲ್ಟರ್ನೇಟರ್ ಬದುಕಿತ್ತು. ಅವನು ಸೋತಿದ್ದ. ವೈರನ್ನು ತಿರುಗಿ ಸಿಕ್ಕಿಸುವಾಗ ಚಟ್ ಎಂದು ಕಿಡಿ ಹಾರಿತು. ಒಳಗೆ ಕೂತು ನೋಡಿದರೆ, ಅದುವರೆಗೆ ಇಂಜಿನ್ ಓಡುವಾಗ ಎಂದೂ ಹೊತ್ತಿಕೊಳ್ಳದಿದ್ದ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡಿತ್ತು, ಆರುವ ಲಕ್ಷಣವಿರಲಿಲ್ಲ. ಸುಳ್ಳಾಗಿದ್ದ ಮಾತನ್ನು ತಾನು ಕೈಯಾರೆ ನಿಜ ಮಾಡಿದ್ದೇನೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಬೆಳಗ್ಗೆ ಎಲ್ಲರೂ ಸೇರಿ ಕಾರು ತಳ್ಳಿದರು. ಅರ್ಧ ಗಂಟೆ ಬಿಟ್ಟು, ಗಾಡಿ ಯಾಕೋ ನಿಂತುಹೋಯಿತು ಎಂದು ಮಾವ ಎಲ್ಲರನ್ನೂ ಕರೆದು ಮತ್ತೊಮ್ಮೆ ತಳ್ಳಿಸಿದರು. ಅತ್ತೆಯ ಒಂದು ಚಪ್ಪಲಿ ಗೇಟಿನಾಚೆ ಉಳಿಯಿತು.

ಮೆಕ್ಯಾನಿಕ್ ಬಂದು, ಓಡುತ್ತಿದ್ದ ಇಂಜಿನ್ನಿಗೆ ಮೀಟರ್ ಹಿಡಿದ. ಹದಿನಾಲ್ಕು ವೋಲ್ಟಿನ ಹತ್ತಿರ ಇರಬೇಕಾದ ಮುಳ್ಳು ಹನ್ನೊಂದೂವರೆಯಲ್ಲೇ ಕೂತಿತ್ತು. ಆಕ್ಸಿಲರೇಟರ್ ಒತ್ತಿದರೂ ಏಳಲಿಲ್ಲ. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ವೈರುಗಳನ್ನು ಎಳೆದು ನೋಡಿ, ಆಲ್ಟರ್ನೇಟರೇ ಹೋಗಿದೆ ಎಂದ. ಹೆಂಡತಿ ಮದುವೆಯ ಫೋಟೊದಲ್ಲೂ ನೋಡದ ಹಾಗೆ ಗಂಡನನ್ನು ನೋಡಿದಳು.

ಇಂಜಿನ್ ಆರಿಸಿ, ಬೆಲ್ಟ್ ಸಡಿಲಿಸಿ, ಎರಡು ಬೋಲ್ಟ್ ಬಿಚ್ಚಿ ಮೆಕ್ಯಾನಿಕ್ ಹಳೆಯದನ್ನು ಹೊರತೆಗೆದ. ಸ್ಕೂಟರಿನಲ್ಲಿ ಹೋಗಿ ಹೊಸದನ್ನೂ ತಂದ. ಆದರೆ ಅವನಿಗೊಂದು ವ್ರತವಿತ್ತು: ಹಳೆಯದು ಯಾಕೆ ಸತ್ತಿತೆಂದು ತಿಳಿಯದೆ ಹೊಸದು ಹಾಕುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಹಳೆಯದರ ಹೊಟ್ಟೆ ಬಗೆದ.

"ಬ್ರಷ್ ಸವೆದಿಲ್ಲ. ಡಯೋಡ್ ಮಾತ್ರ ಸುಟ್ಟಿದೆ. ಇದು ತಾನಾಗಿ ಸತ್ತಿದ್ದಲ್ಲ, ಸಾಯಿಸಿರೋದು. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ರೆ ಹೀಗೇ ಸುಡೋದು. ಕಿತ್ತೋರು ಯಾರು?"

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡಂತೆ ಅಳಿಯನ ಬಲಗೈ ತಾನಾಗಿ ಬೆನ್ನ ಹಿಂದೆ ಸರಿಯಿತು. ಹೇಳಿಬಿಡಬೇಕು ಎಂದುಕೊಂಡ. ನಾಲಿಗೆ ಏಳುವಷ್ಟರಲ್ಲಿ ಮಾವ ಕೆಮ್ಮಿದರು.

"ನಾನೇ ಕಣಪ್ಪ. ಬೆಳಗ್ಗೆ ಇವರೆಲ್ಲ ಒಳಗೆ ಹೋದ್ಮೇಲೆ ಕಿತ್ತೆ. ಪಟ್ ಅಂತ ನಿಂತ್ಹೋಯ್ತು. ಅಳಿಯಂದ್ರು ಹೇಳಿದ್ದೇ ಸರಿ ಅಂತ ಆಗ್ಲೇ ಗೊತ್ತಾಯ್ತು, ಒಪ್ಕೊಳ್ಳೋಕೆ ಬಾಯಿ ಬರ್ಲಿಲ್ಲ."

"ಎರಡನೇ ಸಲ ತಳ್ಳಿಸಿದ್ದು ಇದಕ್ಕಾ?" ಎಂದರು ಅತ್ತೆ.

"ಕಿತ್ತ ತಕ್ಷಣ ನಿಂತ್ಹೋಯ್ತಾ ಯಜಮಾನ್ರೇ?" ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಹಾಗಾದ್ರೆ ನೀವು ಕೀಳೋಕೆ ಮುಂಚೇನೇ ಅದು..."

ಮಾತು ನಿಲ್ಲಿಸಿ ಅಳಿಯನ ಮುಖ ನೋಡಿದ. ಅವನ ಬೆನ್ನ ಹಿಂದಿನ ಕೈಯ ಕಡೆ ನೋಡಿದ. ಕಾರಣ ಸಿಕ್ಕವನಂತೆ ತಲೆಯಾಡಿಸಿ, ಸ್ಪ್ಯಾನರ್ ಎತ್ತಿಕೊಂಡು ಹೊಸದನ್ನು ಕೂರಿಸತೊಡಗಿದ.

ಮಾವ ಅಳಿಯನ ಕೈಗೆ ಕೀ ಇಟ್ಟರು. ಮೇಷ್ಟ್ರೇ ಎನ್ನಲಿಲ್ಲ.

ಎಲ್ಲ ಮುಗಿದ ಮೇಲೆ, ಮೆಟ್ಟಿಲ ಮೇಲೆ ಉಳಿದಿದ್ದ ಹಳೆಯ ಆಲ್ಟರ್ನೇಟರನ್ನು ಇಡಲು ಅಳಿಯ ಡಿಕ್ಕಿಯ ಕಡೆ ಹೋದ. ಮುಚ್ಚಿದ್ದರೂ ಸಂದಿನಲ್ಲಿ ಬೆಳಕಿನ ಗೆರೆ ಕಾಣುತ್ತಿತ್ತು. ಕಾರಿನಲ್ಲಿ ಹೊರಗೆ ಹೋದಾಗ ಕೂರಲು ಮಾವ ಹೋದ ವಾರ ತಂದಿಟ್ಟ ಮಡಚು ಕುರ್ಚಿಯ ಕಾಲು ಅಡ್ಡ ಬಂದು, ಡಿಕ್ಕಿ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಒಳಗಿನ ಬಲ್ಬು ಮುಟ್ಟಿದರೆ ಬೆರಳು ಸುಡುತ್ತಿತ್ತು. ವಾರದಿಂದ ರಾತ್ರಿಯಿಡೀ ಬ್ಯಾಟರಿ ಕುಡಿದದ್ದು ಇದು.

"ಕುರ್ಚಿ ಮನೆ ಒಳಗೇ ಇರ್ಲಿ ಮಾವ," ಎಂದ.

"ನೀವು ಹೇಳಿದ್ಮೇಲೆ ಮುಗೀತು," ಎಂದು ಮಾವ ಕುರ್ಚಿ ಹೊತ್ತು ಒಳಗೆ ನಡೆದರು.

ಆಮೇಲೆ ಕಾರು ದಿನವೂ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಗೋಡೆಗೂ ಅಳಿಯ ಹೇಳಿದ ಬಣ್ಣವೇ ಬಂತು. ಮೊದಲು ವೈರ್ ಕಿತ್ತವನು ತಾನು ಎಂದು ಅವನು ಯಾರಿಗೂ ಹೇಳಲಿಲ್ಲ.