ಕಾಲರಿಗೆ ಸಿಕ್ಕಿಸಿದ ಮೈಕು

ದುಭಾಷಿಗೆ ಸ್ವಂತ ಮಾತಿಲ್ಲ. ಸಭಾಂಗಣದ ಹಿಂದಿನ ಗಾಜಿನ ಗೂಡಿನಲ್ಲಿ ಕೂತು, ವೇದಿಕೆಯವರು 'ನಾನು' ಅಂದರೆ ತಾನೂ 'ನಾನು' ಅನ್ನಬೇಕು. ಅವರು ಗದ್ಗದರಾದರೆ ತನ್ನ ದನಿಯೂ ನಡುಗಬೇಕು. ಹೊಟ್ಟೆಪಾಡಿಗಾಗಿ ಅವಳು ಎಷ್ಟೋ ದೊಡ್ಡವರ ಸುಳ್ಳನ್ನು ಸವಿಯಾಗಿ ದಾಟಿಸಿದ್ದಳು. ಇವತ್ತು ಮಾತ್ರ ಹಲ್ಲು ಕಚ್ಚಿಕೊಂಡು ಕೂತಿದ್ದಳು.

ವೇದಿಕೆಯ ಮೇಲಿದ್ದವನು ಧರ್ಮಪ್ರಭು. ಹೆಸರಿಟ್ಟವರು ಅವನ ಕಚೇರಿಯ ನೌಕರರೇ, ನಗುವುದಕ್ಕೆ. ಲಾಭದ ಜೊತೆಗೆ ಒಂದಿಷ್ಟು ಲೋಕಕಲ್ಯಾಣವೂ ಆಗಲಿ ಎಂದು ಹಣ ಹೂಡುವ ಹಲವು ದೇಶಗಳ ಶ್ರೀಮಂತರ ಕೂಟವದು. ಚಹಾ ಮುಗಿದ ಮೇಲೆ ಅಧ್ಯಕ್ಷನ ಆಯ್ಕೆ. ಆ ಕುರ್ಚಿ ಸಿಕ್ಕಿಬಿಟ್ಟರೆ ಇವನನ್ನು ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಅತಿಥಿಗಳ ಭಾಷೆ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು; ಆದರೂ ತಾಯ್ನುಡಿಯಲ್ಲಿ ಮಾತಾಡಿದರೆ ಅವರ ಕರುಳು ಬೇಗ ಕರಗುತ್ತದೆಂದು ಕಂಡುಕೊಂಡಿದ್ದ, ಆಸಾಮಿ.

ಅವನ ಹಿಂದಿನ ಪರದೆಯ ಮೇಲೆ, ಕೂಸನ್ನೆತ್ತಿಕೊಂಡ ಸೂಲಗಿತ್ತಿಯೊಬ್ಬಳ ದೊಡ್ಡ ಫೋಟೋ. ಅವಳು ದುಭಾಷಿಯ ಚಿಕ್ಕಮ್ಮ. ತಾಯಿಲ್ಲದ ಇವಳನ್ನು ಸಾಕಿದವಳು. ಚಿಕ್ಕಮ್ಮ ಕಟ್ಟಿದ ಹೆರಿಗೆಮನೆಗೆ ಧರ್ಮಪ್ರಭು ಹಣ ಹೂಡಿದ, ಆಮೇಲೆ ಯಜಮಾನಿಕೆ ಹಿಡಿದ, ಕೊನೆಗೆ ಬೀಗ ಜಡಿದ. ಈಗ ಅವಳು ಗೋಡೆಗೆ ಮುಖಮಾಡಿ ಮಲಗಿರುತ್ತಾಳೆ, ಅವಳ ಫೋಟೋ ದೇಶ ಸುತ್ತುತ್ತದೆ.

"ಈ ತಾಯಿಯ ಹೆರಿಗೆಮನೆಯಲ್ಲಿ ಇವತ್ತಿಗೂ ದಿನಾ ಹೊಸ ಮಗು ಅಳುತ್ತೆ" ಅಂದ ಧರ್ಮಪ್ರಭು.

ದುಭಾಷಿಯ ಮೈಯೆಲ್ಲ ಉರಿಯಿತು. ಆದರೂ ದಾಟಿಸಿದಳು. ಚಪ್ಪಾಳೆ ಬಿತ್ತು.

ಚಹಾ ಕೂತಲ್ಲಿಗೇ ಬಂತು, ಅತಿಥಿಗಳು ದುಭಾಷಿಯ ದನಿ ಕೇಳಿಸುವ ಕಿವಿಯ ಯಂತ್ರ ತೆಗೆಯಲಿಲ್ಲ. ವಿರಾಮದಲ್ಲಿ ಸಭೆಯ ಧ್ವನಿವರ್ಧಕ ಬಂದ್ ಆಯಿತು. ಕಾಲರಿನ ಪುಟ್ಟ ಮೈಕು ಗಾಜಿನ ಗೂಡಿಗೆ ಇನ್ನೂ ಮಾತು ಕಳಿಸುತ್ತಿರುವುದನ್ನು ಧರ್ಮಪ್ರಭು ಮರೆತಿದ್ದ. ತನ್ನ ಮೈಕು ಆರಿಸಲು ಅವಳ ಕೈ ಸ್ವಿಚ್ಚಿನ ತನಕ ಹೋಗಿತ್ತು, ಅಷ್ಟರಲ್ಲಿ ಅವನು ತನ್ನ ಸಹಾಯಕನಿಗೆ ಹೇಳಿದ್ದು ಕೇಳಿಸಿತು.

"ಆ ಮುದುಕಿ ಫೋಟೋ ಇನ್ನೊಂದು ವರ್ಷ ಓಡುತ್ತೆ ಕಣೋ. ಹೆರಿಗೆಮನೆ ಮುಚ್ಚಿರೋದು ಈ ಕುರಿಗಳಿಗೆಲ್ಲಿ ಗೊತ್ತಾಗಬೇಕು? ಜಾಗ ನಮ್ಮ ಭಾವನ ಹೆಸರಿಗೆ ಆಯ್ತಲ್ಲ, ಬಾಯ್ಮುಚ್ಕೊಂಡಿರು."

ಅವಳು ಕೈ ಹಿಂದಕ್ಕೆಳೆದುಕೊಂಡು ಅದನ್ನೂ ದಾಟಿಸಿದಳು. ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ. ಕುರಿಗಳು ಎಂಬುದನ್ನಂತೂ ಬಿಡಿಸಿ ಬಿಡಿಸಿ ಹೇಳಿದಳು. ಈ ಕಸುಬಿನಲ್ಲಿ ಇಂಥ ಸುಖವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬಟ್ಟಲುಗಳು ಬಾಯಿಯ ಹತ್ತಿರವೇ ನಿಂತವು. ಮುಂದಿನ ಸಾಲಿನ ಅತಿಥಿಯೊಬ್ಬಳು ಎದ್ದು ಅವನನ್ನೇ ನೇರವಾಗಿ, ಹೆರಿಗೆಮನೆ ಮುಚ್ಚಿದೆಯೇ ಎಂದು ಕೇಳಿದಳು.

ಅವನು ಓಡೋಡಿ ಬಂದು ಗೂಡಿನ ಬಾಗಿಲು ದೂಡಿದ.

"ಏನೇ ಹೇಳಿದೆ ಅವರಿಗೆ?"

"ನೀವು ಹೇಳಿದ್ದೇ ಸರ್."

"ಯಾರೇ ನೀನು?"

ಅವಳು ಪರದೆಯ ಕಡೆ ಕೈ ತೋರಿಸಿದಳು. "ಅವರು ಸಾಕಿದ ಮಗಳು."

"ನಿನ್ನ ಅನ್ನ ಕಿತ್ಕೋತೀನಿ. ಆ ಮುದುಕೀನೂ ಬೀದಿಗೆ ತಳ್ತೀನಿ, ನೋಡ್ತಿರು."

ಅವನ ಕಾಲರಿನಲ್ಲಿ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಗಾಜಿನಾಚೆ ಎಲ್ಲರೂ ಇತ್ತಲೇ ತಿರುಗಿ ಕೂತಿದ್ದರು. ಅವಳು ಒಂದು ಗುಟುಕು ನೀರು ಕುಡಿದು, ಮೈಕಿನತ್ತ ಬಾಗಿ, ಅದೇ ಸವಿಯಾದ ದನಿಯಲ್ಲಿ ಅವರ ಭಾಷೆಯಲ್ಲಿ ಶುರುಮಾಡಿದಳು: "ನಿನ್ನ ಅನ್ನ ಕಿತ್ತುಕೊಳ್ಳುತ್ತೇನೆ..."