ಅಂಗಡಿ ಮುಚ್ಚಿದೆ ಅಂದವರು ಯಾರು?

ಬೆಳಿಗ್ಗೆ ಬಾಗಿಲು ತೆಗೆದು ಕೂತರೆ ಸಂಜೆಯವರೆಗೆ ಒಬ್ಬ ಗಿರಾಕಿಯೂ ಬರುವುದಿಲ್ಲ. ನಿಮ್ಮ ಬೀದಿಯಲ್ಲೂ ಅಂಥ ಅಂಗಡಿ ಒಂದಾದರೂ ಇರಬಹುದು. ನಾನು ಹೇಳುತ್ತಿರುವುದು ಒಂದು ಪಾದರಕ್ಷೆ ಅಂಗಡಿಯ ಕಥೆ.

ಒಂದು ಕಾಲು ಗಿಡ್ಡವಾದವರು, ಪಾದ ಸೊಟ್ಟಗಿದ್ದವರು, ಅಪಘಾತದಲ್ಲಿ ಬೆರಳು ಕಳೆದುಕೊಂಡವರು ಆ ಅಂಗಡಿಗೆ ಬರುತ್ತಿದ್ದರು. ಬಂದವರ ಪಾದದಂತೆಯೇ ಮರದ ಅಚ್ಚು ಕೆತ್ತಿ, ಅದರ ಮೇಲೆ ತೊಗಲು ಎಳೆದು ಹೊಲಿದು ಕೊಡುತ್ತಿದ್ದರು. ಗೋಡೆಯ ತುಂಬ ಅಚ್ಚುಗಳ ಜೋಡಿಗಳು ತೂಗುತ್ತಿದ್ದವು. ಯಾವ ಜೋಡಿಯಲ್ಲೂ ಒಂದರಂತೆ ಇನ್ನೊಂದು ಇರಲಿಲ್ಲ. ಅಚ್ಚು ಕೆತ್ತುತ್ತಿದ್ದವನು ಮನೆಯ ಮಗ. ಹೊಲಿಗೆ ಅವನ ಹೆಂಡತಿಯದು. ಹೋದ ವರ್ಷ ದೇವರು ಮಗನನ್ನು ಕರೆದುಕೊಂಡ. ಯಾಕೆ ಎಂದು ಕೇಳುವ ಹಕ್ಕು ನಮಗಿಲ್ಲ. ಕೇಳದೆ ಇರುವ ಶಕ್ತಿಯೂ ಇಲ್ಲ.

ಸೊಸೆ ಕೆಲಸ ಬಿಡಲಿಲ್ಲ. ಗಂಡನ ಪಕ್ಕದಲ್ಲಿ ಕೂತು ನೋಡಿ ಕಲಿತದ್ದನ್ನು ನೆನೆದು ಉಳಿಯನ್ನೂ ಹಿಡಿದಳು. ಅತ್ತೆ ದಾರಕ್ಕೆ ಮೇಣ ಸವರಿ ಕೊಡುತ್ತಿದ್ದಳು. ಕೈಗಳು ಸಿದ್ಧವಾಗಿದ್ದವು. ಕಾಲುಗಳೇ ಬರಲಿಲ್ಲ.

ಎದುರಿಗೆ ಗಾಜಿನ ಬಾಗಿಲಿನ ದೊಡ್ಡ ಚಪ್ಪಲಿ ಮಳಿಗೆ. ಅದರ ಯಜಮಾನನಿಗೆ ತನ್ನ ಪೆಟ್ಟಿಗೆಗಳನ್ನಿಡಲು ಈ ಕೋಣೆಯೇ ಬೇಕಿತ್ತು. ಬಾಡಿಗೆಗೆ ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ ತಿಂಗಳ ಕೊನೆಯೊಳಗೆ ಹೇಳಿ ಎಂದು ಕಟ್ಟಡದ ಮಾಲೀಕನೂ ಅಂದಿದ್ದ.

"ಅಮ್ಮಾ, ಹಟ ಯಾಕೆ? ಅಂಗಡಿ ಮುಚ್ಚಿದೆ ಅಂತ ನಿಮ್ಮ ವೆಬ್‌ಸೈಟೇ ಹೇಳ್ತಿದೆ. ನೀವೊಬ್ಬರೇ ನಂಬ್ತಿಲ್ಲ," ಎಂದು ಯಜಮಾನ ನಕ್ಕ.

"ನಿನ್ನ ಕಣ್ಣಿಗೇನಾಗಿದೆ? ಬಾಗಿಲು ತೆರೆದಿರೋದು ಕಾಣಲ್ವಾ?"

"ನನಗೆ ಕಾಣುತ್ತೆ. ಊರಿಗೆ ಕಾಣಬೇಕಲ್ಲ!"

ಆ ಮಾತು ಅತ್ತೆಯನ್ನು ಚುಚ್ಚಿತು. ಭಾನುವಾರ ಮಗಳು ಬಂದಾಗ ಕೇಳಿಯೇಬಿಟ್ಟಳು. ಮಗಳು ಒಂದು ಮುದ್ರಣಾಲಯದಲ್ಲಿ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಅಣ್ಣ ಹೋದ ಮೇಲೆ ಮೊದಲ ಸಲ ತನ್ನ ಫೋನಿನಲ್ಲಿ ಅವನ ಪುಟ ತೆರೆದಳು. ಮೇಲುಗಡೆಯೇ ಒಂದು ಸೂಚನೆ ಇತ್ತು: 'ನನಗೆ ಆರೋಗ್ಯ ಸರಿಯಿಲ್ಲ. ಕೆಲವು ದಿನ ಅಂಗಡಿ ಮುಚ್ಚಿರುತ್ತದೆ. ದಯವಿಟ್ಟು ಕ್ಷಮಿಸಿ.'

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಮಗ ಹಾಕಿದ್ದು. ತೆಗೆಯಲು ಅವನು ತಿರುಗಿ ಬರಲಿಲ್ಲ.

"ಅತ್ತಿಗೆ, ನೀವು ದಿನಾ ಇಲ್ಲಿ ಬಾಗಿಲು ತೆಗೀತಿದ್ದೀರಿ. ಇದು ಅಲ್ಲಿ ಹಾಕ್ತಿದೆ," ಎಂದಳು ಮಗಳು.

ಸೊಸೆ ಸೂಜಿ ಕೆಳಗಿಟ್ಟಳು. "ನನಗೆ ಹೊಳೀಲೇ ಇಲ್ಲ. ಆ ಪುಟ ತೆರೆಯೋಕೆ ಧೈರ್ಯ ಸಾಲಲಿಲ್ಲ. ಇವತ್ತೇ ತೆಗೆದುಬಿಡು."

"ಮುಟ್ಟಬೇಡ!" ಎಂದಳು ಅತ್ತೆ. "ಅದು ಅವನ ಕೊನೇ ಮಾತು. ಕೈಗುಣ ಇದ್ದರೆ ಗಿರಾಕಿ ಹುಡುಕಿಕೊಂಡು ಬರ್ತಾನೆ. ಒಳ್ಳೆ ಕೆಲಸಕ್ಕೆ ಡಂಗುರ ಯಾಕೆ?"

"ಹುಡುಕಿಕೊಂಡು ಬಂದವರ ಮುಖಕ್ಕೇ ಅಮ್ಮಾ, ಅದು ಬಾಗಿಲು ಹಾಕ್ತಿರೋದು."

ಅತ್ತೆ ಒಪ್ಪದೆ ಏನನ್ನೂ ಮಾಡುವಂತಿರಲಿಲ್ಲ. ಪುಟದ ಪಾಸ್‌ವರ್ಡ್, ಆ ಗುಪ್ತಪದ, ಮಗನಿಗೊಬ್ಬನಿಗೇ ಗೊತ್ತಿತ್ತು. ಅದನ್ನು ಬದಲಿಸಲು ಬೇಕಾದ ಸಂಖ್ಯೆ ಅವನ ಫೋನಿಗೇ ಬರಬೇಕು. ಆ ಫೋನನ್ನು ತಾಯಿ ದೇವರ ಪಟದ ಬಳಿ ಇಟ್ಟಿದ್ದಳು. ದಿನಾ ಒರೆಸುತ್ತಿದ್ದಳು. ನಂಬರು ಸಾಯಬಾರದೆಂದು ರೀಚಾರ್ಜ್ ಕೂಡ ಮಾಡಿಸುತ್ತಿದ್ದಳು. ಆದರೆ ಆನ್ ಮಾಡಲು ಯಾರಿಗೂ ಬಿಟ್ಟಿರಲಿಲ್ಲ.

"ಆನ್ ಮಾಡಿದರೆ ಯಾರಾದರೂ ಅವನನ್ನ ಕೇಳ್ತಾರೆ. ನಾನೇನಂತ ಹೇಳಲಿ?"

"ಕಸಿದುಕೊಳ್ಳಲ್ಲಮ್ಮ. ನೀನೇ ಕೊಟ್ಟಾಗ ಕರಿ," ಎಂದು ಮಗಳು ಹೊರಟುಹೋದಳು.

ಆ ವಾರ ದೊಡ್ಡ ರಸ್ತೆಯನ್ನು ಅಗೆದಿದ್ದರಿಂದ ಬಸ್ಸುಗಳು ಈ ಬೀದಿಯಲ್ಲಿ ತಿರುಗಿ ಹೋಗುತ್ತಿದ್ದವು. ಒಂದು ಮಧ್ಯಾಹ್ನ ಬಸ್ಸೊಂದು ಅಂಗಡಿಯ ಮುಂದೆಯೇ ನಿಂತಿತು. ಹೆಂಗಸೊಬ್ಬಳು, ಆ ಬಸ್ಸಿನ ಕಂಡಕ್ಟರ್, ಕುಂಟುತ್ತ ಇಳಿದು ಬಂದಳು.

"ಅಯ್ಯೋ, ತೆರೆದಿದೆಯಾ! ಇಷ್ಟು ದಿನ ಎಲ್ಲಿ ಹೋಗಿದ್ರಿ ಅಜ್ಜಿ? ಫೋನ್ ಮಾಡಿದರೆ ಸ್ವಿಚ್ ಆಫ್. ವೆಬ್‌ಸೈಟ್ ನೋಡಿದರೆ ಕ್ಷಮಿಸಿ ಅಂತಿದೆ. ಎಷ್ಟು ಸಲ ಅಂತ ಕ್ಷಮಿಸ್ಲಿ?"

ಬಸ್ಸಿನೊಳಗಿಂದ ಯಾರೋ ಕೂಗಿದರು, "ಏನಮ್ಮಾ, ಶಾಪಿಂಗಾ?"

"ಸುಮ್ನಿರಪ್ಪಾ! ನಿನ್ನ ಟಿಕೆಟ್ ಹರಿದು ಹರಿದೇ ಈ ಶೂ ಹರಿದಿರೋದು!"

ಅವಳ ಎಡಗಾಲಿನ ದಪ್ಪ ಅಟ್ಟೆ ಕಿತ್ತುಬಂದಿತ್ತು. ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿದುಕೊಂಡಿದ್ದಳು. "ಮೊನ್ನೆ ಇದೇ ಹೊರಳಿ ಬಸ್ಸಿನ ಮೆಟ್ಟಿಲಿಂದ ಬಿದ್ದೆ. ಇನ್ನೊಂದು ಸಲ ಬಿದ್ದರೆ ಕೆಲಸಾನೇ ಹೋಗುತ್ತೆ. ನನ್ನ ಅಳತೆ ಅವರಿಗೆ ಗೊತ್ತು. ಎಲ್ಲಿ ಅವರು?"

ಯಾವ ಪ್ರಶ್ನೆಗೆ ಹೆದರಿ ಫೋನನ್ನು ಮುಚ್ಚಿಟ್ಟಿದ್ದಳೋ ಅದೇ ಪ್ರಶ್ನೆ ನಡೆದು ಬಂದು ಎದುರಿಗೆ ನಿಂತಿತ್ತು. ಅತ್ತೆ ಆ ಶೂವನ್ನು ಕೈಗೆತ್ತಿಕೊಂಡಳು. ಮಗನ ಕೆಲಸ. ಒಳಮಗ್ಗುಲು ಸವೆದು ಕಾಗದದಂತಾಗಿತ್ತು.

"ಅವನು ದೇವರ ಹತ್ತಿರ ಹೋದ ತಾಯಿ," ಎಂದಳು. ಹೇಳಿದ ಮೇಲೂ ಉಸಿರು ನಿಲ್ಲಲಿಲ್ಲ. "ಅವನು ಕೆತ್ತಿದ ನಿನ್ನ ಅಚ್ಚು ಇಲ್ಲೇ ಇದೆ. ಅವನ ಹೆಂಡತಿ ಇದ್ದಾಳೆ. ಕೂತ್ಕೋ."

ಸೊಸೆ ಗೋಡೆಯಿಂದ ಅಚ್ಚು ಇಳಿಸಿದಳು. ಕಿತ್ತ ಅಟ್ಟೆಗೆ ಸದ್ಯಕ್ಕೆ ನಾಲ್ಕು ಗಟ್ಟಿ ಹೊಲಿಗೆ ಹಾಕಿಕೊಟ್ಟು, ಹೊಸ ಜೋಡಿಗೆ ಅಳತೆ ತೆಗೆದುಕೊಂಡಳು. ಬಸ್ಸು ಹಾರನ್ ಬಾರಿಸುತ್ತಲೇ ಇತ್ತು.

ಕಂಡಕ್ಟರ್ ಹೋದ ಮೇಲೆ ಅತ್ತೆ ದೇವರ ಪಟಕ್ಕೆ ಕೈಮುಗಿದು ಫೋನು ತೆಗೆದುಕೊಂಡಳು. "ನನ್ನ ಮಗ ಯಾರನ್ನೂ ಬರಿಗಾಲಲ್ಲಿ ಹಿಂದೆ ಕಳಿಸಿದವನಲ್ಲ. ಅವನ ಹೆಸರಲ್ಲಿ ನಾನು ಕಳಿಸ್ತಾ ಇದ್ದೆ. ಕರಿ ನಿನ್ನ ನಾದಿನೀನ!"

ಸಂಜೆ ಮಗಳು ಬಂದಳು. ಫೋನು ಆನ್ ಆಯಿತು, ಸಂಖ್ಯೆ ಬಂತು, ಪುಟ ಕೈಗೆ ಸಿಕ್ಕಿತು.

"ಅಳಿಸೋ ಮೊದಲು ಅದನ್ನ ಒಂದು ಕಾಗದದಲ್ಲಿ ಅಚ್ಚು ಹಾಕಿಸಿ ಕೊಡು," ಎಂದಳು ತಾಯಿ. "ಅವನ ಮಾತು ಮನೆಯೊಳಗಿರಲಿ, ಅಂಗಡಿ ಬಾಗಿಲಿಗೆ ಬೇಡ." ಆಮೇಲೆ ಪುಟ ತೆರೆದಿದ್ದ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಳು. "ಇದ್ಯಾರ ಕಾಲು?"

"ಯಾರದೋ. ಅಣ್ಣನಿಗೆ ಪುಟ ಮಾಡಿಕೊಟ್ಟವರು ಹಾಕಿದ ಚಿತ್ರ."

"ಇಷ್ಟು ಚೆಂದದ ಕಾಲು ನಮ್ಮ ಅಂಗಡಿಗೆ ಬಂದೇ ಇಲ್ಲ! ತೆಗಿ ಅದನ್ನ."

ಮಗಳು ನಕ್ಕಳು. "ಸರಿಯಾಗಿ ಹೇಳಿದೆ. ಆ ಅಚ್ಚಿನ ಗೋಡೆ, ಅತ್ತಿಗೆ ಹೊಲಿಯೋ ಕೈ, ಇವನ್ನ ತೋರಿಸೋಣ. ಗಿರಾಕಿ ಒಪ್ಪಿದರೆ ಅವರ ಶೂ ಚಿತ್ರಾನೂ ಹಾಕಬಹುದು. ಚಿತ್ರ ಹಗುರ ಇರಬೇಕು, ಇಲ್ಲದಿದ್ದರೆ ಫೋನಿನಲ್ಲಿ ತೆರೆಯೋಷ್ಟರಲ್ಲಿ ಜನ ಎದ್ದು ಹೋಗ್ತಾರೆ. ಅತ್ತಿಗೆ, ಬಂದವರು ಮೊದಲು ಏನಂತ ಕೇಳ್ತಾರೆ?"

"ಒಂದು ಕಾಲು ಗಿಡ್ಡ, ಶೂ ಮಾಡಿಕೊಡ್ತೀರಾ ಅಂತಾರೆ."

"ಇಲ್ಲಿ 'ಉತ್ಕೃಷ್ಟ ಗುಣಮಟ್ಟದ ಪಾದರಕ್ಷೆಗಳು' ಅಂತಿದೆ. ಕಾಲು ನೋಯ್ತಿರೋರು ಹಾಗೆ ಹುಡುಕ್ತಾರಾ? ಅವರ ಮಾತನ್ನೇ ಬರೆದರೆ ಹುಡುಕಿದಾಗ ನಾವು ಸಿಕ್ತೀವಿ. ಫೋನಿನ ನಕ್ಷೆಯಲ್ಲೂ ಅಂಗಡಿ ಗುರುತು, ವೇಳೆ, ನಂಬರು ಸರಿ ಇರಬೇಕು."

"ಆಯ್ತಲ್ಲ, ಇನ್ನು ಮುಗೀತಾ?"

"ಅಂಗಡಿ ಕಸ ಒಂದೇ ಸಲ ಗುಡಿಸಿ ಮುಗಿಸ್ತೀಯಾ ಅಮ್ಮಾ? ವಾರಕ್ಕೊಂದು ಸಲ ಗಿರಾಕಿ ಥರ ನೀವೇ ತೆರೆದು ನೋಡಬೇಕು. ಕೇಳಿದವರಿಗೆ ಉತ್ತರ ಕೊಡಬೇಕು. ಪುಟದ ಹೆಸರಿಗೆ ವರ್ಷ ವರ್ಷ ದುಡ್ಡು ಕಟ್ಟೋದು ಮರೀಬಾರದು, ಮರೆತರೆ ಹೆಸರು ಬೇರೆಯವರ ಪಾಲು. ಗುಪ್ತಪದ ನಿನಗೂ ಅತ್ತಿಗೆಗೂ, ಇಬ್ಬರಿಗೂ ಗೊತ್ತಿರಲಿ."

ಹೊಸ ಗುಪ್ತಪದವನ್ನು ಅತ್ತೆಯೂ ಸೊಸೆಯೂ ಅಲ್ಲೇ ಬಾಯಿಪಾಠ ಮಾಡಿಕೊಂಡರು.

ಜನ ಒಮ್ಮೆಲೇ ನುಗ್ಗಲಿಲ್ಲ. ಒಬ್ಬರು ವಿಚಾರಿಸಿದರು, ಇನ್ನೊಬ್ಬರು ಬಂದರು. ಹೊಸ ಶೂ ತೊಟ್ಟ ಕಂಡಕ್ಟರ್ ತನ್ನ ಚಿತ್ರ ಹಾಕಲು ಒಪ್ಪಿ, "ಮುಖಾನೂ ಹಾಕಿ, ಕಾಲಿಗಿಂತ ಅದೇ ಚೆನ್ನಾಗಿದೆ," ಅಂದಳು. ತಿಂಗಳ ಕೊನೆಗೆ ಎದುರಿನ ಯಜಮಾನ ಅಳತೆ ಪಟ್ಟಿ ಹಿಡಿದು ಕೋಣೆ ಅಳೆಯಲು ಬಂದಾಗ ಬೆಂಚಿನ ಮೇಲೆ ಗಿರಾಕಿಗಳು ಕೂತಿದ್ದರು.

"ಪಟ್ಟಿ ತಂದದ್ದು ಒಳ್ಳೇದಾಯ್ತು, ಇಲ್ಲಿ ಕಾಲು ಅಳೀಬೇಕು, ಕೊಡು," ಎಂದಳು ಅತ್ತೆ. "ಮಾಲೀಕನಿಗೆ ಆಗಲೇ ಹೇಳಿದ್ದೀನಿ. ಕೋಣೆ ಖಾಲಿ ಇಲ್ಲ."

ಅಷ್ಟರಲ್ಲಿ ಮಗನ ಫೋನು ಬಡಿದುಕೊಂಡಿತು. ಸೊಸೆ ಏಳುವ ಮೊದಲೇ ಅತ್ತೆ ಎತ್ತಿಕೊಂಡಳು. ಅವಳ ದನಿ ಬೀದಿಯ ಆ ಕಡೆಗೂ ಕೇಳಿಸಿತು.

"ಹೌದಪ್ಪಾ, ಅವನದೇ ಅಂಗಡಿ. ತೆರೆದಿದೆ, ಬಾ!"

ಓದಿದವರೇ, ಕೇಳಿದವರೇ, ನೀವು ಹೊಲಿಯುವವರೋ, ಮರಗೆಲಸದವರೋ, ಸಂಘ ಕಟ್ಟಿಕೊಂಡು ವ್ಯಾಪಾರ ಮಾಡುವ ಹೆಂಗಸರೋ, ಇವತ್ತೇ ಫೋನಿನಲ್ಲಿ ನಿಮ್ಮ ಅಂಗಡಿಯನ್ನು ಹುಡುಕಿ ನೋಡಿ. ಸಿಗುತ್ತದೆಯೇ? ಸಿಕ್ಕರೆ ಅಲ್ಲಿರುವುದು ಇಂದಿನ ಮಾತೇ? ಅಲ್ಲಿರುವ ನಂಬರಿಗೆ ನೀವೇ ಒಮ್ಮೆ ಕರೆ ಮಾಡಿ. ತಿಳಿಯದಿದ್ದರೆ ತಿಳಿದವರನ್ನು ಕೇಳಲು ನಾಚಬೇಡಿ. ಹೋದವರನ್ನು ಕರೆತರಲು ನಮ್ಮಿಂದಾಗದು. ಅವರು ತೆರೆದಿಟ್ಟ ಬಾಗಿಲನ್ನು ಕಾಯಲು ದೇವರು ನಮಗೆ ಎರಡು ಕೈಗಳನ್ನು ಕೊಟ್ಟಿದ್ದಾನೆ. ನಿಮ್ಮ ಅಂಗಡಿ ಮುಚ್ಚಿದೆ ಎಂದು ಹೇಳಲು ಯಾರಿಗೂ ಬಿಡಬೇಡಿ, ನಿಮ್ಮದೇ ಪುಟಕ್ಕೂ ಕೂಡ.